ಕೇಳಬೇಕಾದದ್ದು ‘ಜಪಾನೀಯಲ್ಲಿ ಇದಕ್ಕೇನನ್ನುತ್ತಾರೆ’ ಎಂದಲ್ಲ

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದಲ್ಲಿರುವ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್4 (ಕೆಳಗಿನಿಂದ ಎರಡನೆಯ) ಹಂತ ಮುಗಿಸಿದ್ದೇನೆ. ಮೊನ್ನೆ ನಮ್ಮ ಜಪಾನೀ ಮ್ಯಾನೇಜರ್ ಅವರನ್ನು ‘ಅನತ ವ ಕೋಹೀ ಓ ನೊಮಿತೈ ದೆಸ್ ಕ’ ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನಕ್ಕರು. ವ್ಯಾಕರಣದಲ್ಲಿ ತಪ್ಪಿಲ್ಲ ಎಂದು ನನಗೆ ಗೊತ್ತು. ಆದರೂ ಏನೋ ಸರಿಯಿಲ್ಲ. ಮುಂದಿನ ತಿಂಗಳು ತಂಗಿಯ ಮದುವೆಗೆ ಎರಡು ದಿನ ರಜೆ ಕೇಳಬೇಕು, ಹೇಗೆ ಕೇಳಲಿ ಎಂದು ತಿಳಿಯುತ್ತಿಲ್ಲ. ಸಹಜವೂ ಸಭ್ಯವೂ ಆದ ದಿನಬಳಕೆಯ ಮಾತುಗಳನ್ನು ಹುಡುಕಿಕೊಳ್ಳುವುದು ಹೇಗೆ? ಅಂಥ ಪಟ್ಟಿ ಏನಾದರೂ ಇದೆಯೇ?

ಉತ್ತರ: ಪಟ್ಟಿಗಳು ಬೇಕಾದಷ್ಟಿವೆ, ಆದರೆ ನಿಮ್ಮ ಕಾಫಿಯ ವಾಕ್ಯವೂ ಅಂಥದೇ ಒಂದು ಪಟ್ಟಿಯಿಂದ ಬಂದಿರಬೇಕೆಂದು ನನ್ನ ಅನುಮಾನ. ಅದರಲ್ಲಿ ವ್ಯಾಕರಣದ ತಪ್ಪಿಲ್ಲವೆಂಬ ನಿಮ್ಮ ಮಾತು ನಿಜ. ಆದರೆ ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ‘ನೀವು ಕಾಫಿಯನ್ನು ಕುಡಿಯಲು ಬಯಸುತ್ತೀರಾ’ ಎಂದಾಗುತ್ತದೆ. ನಿಮ್ಮ ಕಚೇರಿಯ ಕನ್ನಡದ ಹಿರಿಯರೊಬ್ಬರನ್ನು ನೀವು ಎಂದಾದರೂ ಹೀಗೆ ಕೇಳಿದ್ದೀರಾ? ‘ಕಾಫಿ ತಗೋತೀರಾ ಸಾರ್’ ಎನ್ನುತ್ತೀರಿ. ಜಪಾನೀಯರೂ ಅಷ್ಟನ್ನೇ ಹೇಳುತ್ತಾರೆ: ‘ಕೋಹೀ, ಇಕಗ ದೆಸ್ ಕ’, ಅಂದರೆ ‘ಕಾಫಿ, ಹೇಗೆ, ಆಗಬಹುದೇ?’ ನಿಮ್ಮ ವಾಕ್ಯದಲ್ಲಿ ಎರಡು ಮುಳ್ಳುಗಳಿದ್ದವು. ಒಂದು ‘ಅನತ’. ನಿಘಂಟು ಅದಕ್ಕೆ ‘ನೀವು’ ಎಂದು ಅರ್ಥ ಕೊಟ್ಟರೂ ಹಿರಿಯರನ್ನು ಹಾಗೆ ಕರೆಯುವುದಿಲ್ಲ. ಹೆಸರಿಗೋ ಹುದ್ದೆಗೋ ಗೌರವಸೂಚಕ ಸೇರಿಸುತ್ತಾರೆ, ಇಲ್ಲವೇ ಸಂಬೋಧನೆಯನ್ನೇ ಬಿಡುತ್ತಾರೆ. ಇನ್ನೊಂದು ‘ನೊಮಿತೈ’, ಅಂದರೆ ಕುಡಿಯುವ ಆಸೆ. ತನ್ನ ಆಸೆಯನ್ನು ಹೇಳಿಕೊಳ್ಳಲು ಈ ‘ತೈ’ ಪ್ರತ್ಯಯ ಸರಿ. ಹಿರಿಯರ ಒಳಗಿನ ಆಸೆಯನ್ನು ನೇರವಾಗಿ ವಿಚಾರಿಸುವುದು ಅವರ ಮನೆಯ ಅಡುಗೆಮನೆಗೆ ಕೇಳದೆ ಕಾಲಿಟ್ಟ ಹಾಗೆ.

ಆದ್ದರಿಂದ ‘ಜಪಾನೀಯಲ್ಲಿ ಇದಕ್ಕೇನನ್ನುತ್ತಾರೆ’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಈ ಸಂದರ್ಭದಲ್ಲಿ ನನ್ನ ಸ್ಥಾನದಲ್ಲಿರುವವರು ಎದುರಿನವರಿಗೆ ಏನನ್ನುತ್ತಾರೆ’ ಎಂದು ಕೇಳಿಕೊಳ್ಳುವುದನ್ನು ಮೊದಲು ರೂಢಿಸಿಕೊಳ್ಳಿ. ಯಾರು ಯಾರಿಗೆ ಹೇಳುತ್ತಿದ್ದಾರೆ, ಇದರಿಂದ ಉಪಕಾರ ಯಾರಿಗೆ, ಕೇಳುವವರು ನಮ್ಮವರೋ ಹೊರಗಿನವರೋ ಎಂಬ ಮೂರು ಸಂಗತಿಗಳು ಗೊತ್ತಾದ ಮೇಲೆಯೇ ಜಪಾನೀ ಮಾತು ಒಂದು ರೂಪಕ್ಕೆ ಬರುತ್ತದೆ. ಅಷ್ಟು ತಿಳಿಯದೆ ಹುಡುಕಿದರೆ ಸಿಗುವುದು ಪದದ ಅರ್ಥ ಮಾತ್ರ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಸುಮ್ಮನೆ ಕಳೆದುಕೊಳ್ಳುತ್ತೇವೆ. ಕಲಿಯುವ ಪುಸ್ತಕ ಇಂಗ್ಲಿಷಿನದು, ವಿವರಣೆ ಇಂಗ್ಲಿಷಿನದು, ಹೀಗಾಗಿ ಮನಸ್ಸಿನಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಿ ಅದನ್ನು ಜಪಾನೀಗೆ ತಿರುಗಿಸುತ್ತೇವೆ. ಮನೆಯಿಂದ ಹೊರಡುವವರು ಜಪಾನಿನಲ್ಲಿ ‘ಇತ್ತೆ ಕಿಮಸ್’ ಎನ್ನುತ್ತಾರೆ. ‘ಇತ್ತೆ’ ಎಂದರೆ ಹೋಗಿ, ‘ಕಿಮಸ್’ ಎಂದರೆ ಬರುತ್ತೇನೆ. ಅಕ್ಷರಶಃ ನಮ್ಮ ‘ಹೋಗಿ ಬರ್ತೀನಿ’. ಮನೆಯಲ್ಲಿ ಉಳಿದವರು ‘ಇತ್ತೆ ಇರಶ್ಶೈ’, ಅಂದರೆ ‘ಹೋಗಿ ಬನ್ನಿ’ ಎನ್ನುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ, ನಮ್ಮಲ್ಲಿ ಅದನ್ನು ಅಜ್ಜಿ ದಿನಾ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಹಾಗೆಯೇ ‘ತಬೆತೆ ಮಿಮಸ್’ ಎಂದರೆ ‘ತಿಂದು ನೋಡ್ತೀನಿ’. ಅಲ್ಲಿಯೂ ‘ನೋಡು’ ಎಂಬ ಕ್ರಿಯಾಪದವೇ. ‘ತಬೆತೆ ಶಿಮೈಮಶಿತ’ ಎಂಬುದರಲ್ಲಿ ‘ತಿಂದುಬಿಟ್ಟೆ’ ಎನ್ನುವಾಗಿನ ಪಶ್ಚಾತ್ತಾಪವೂ ಇದೆ, ಮುಗಿಸಿದ ಭಾವವೂ ಇದೆ.

‘ಚೊತ್ತೊ’ ಎಂಬ ಚಿಕ್ಕ ಪದವನ್ನು ಪ್ರತ್ಯೇಕವಾಗಿ ಹೇಳಬೇಕು. ಅದರ ಅರ್ಥ ‘ಸ್ವಲ್ಪ’, ಬಳಕೆಯೂ ಬಹುಮಟ್ಟಿಗೆ ನಮ್ಮ ‘ಸ್ವಲ್ಪ’ದ್ದೇ. ಬೆಂಗಳೂರಿನವರು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದಾಗ ಅಲ್ಲಿ ಅಳತೆಯ ಪ್ರಶ್ನೆ ಎಲ್ಲಿದೆ? ಕೋರಿಕೆಯ ಮೊನೆ ಮೊಂಡಾಗಲಿ ಎಂದಷ್ಟೇ ಅದು ಬರುತ್ತದೆ. ಜಪಾನಿನಲ್ಲಿ ಇದೇ ಪದ ನಿರಾಕರಣೆಗೂ ಒದಗುತ್ತದೆ. ಸಂಜೆಯ ಊಟಕ್ಕೆ ಕರೆದಾಗ ಬರಲಾಗದವರು ‘ಕ್ಯೋ ವ ಚೊತ್ತೊ…’, ಅಂದರೆ ‘ಇವತ್ತು ಸ್ವಲ್ಪ…’ ಎಂದು ಎಳೆದು ನಿಲ್ಲಿಸಿದರೆ ಮಾತು ಅಲ್ಲಿಗೆ ಮುಗಿಯಿತು; ಕಾರಣ ಕೇಳುವುದು ಸಭ್ಯತೆಯಲ್ಲ. ‘ಕಂಗಎತೆ ಒಕಿಮಸ್’ (ಯೋಚಿಸಿರುತ್ತೇನೆ) ಎಂಬ ಉತ್ತರವನ್ನು ಒಪ್ಪಿಗೆಯೆಂದು ತಿಳಿದು ಮರುದಿನವೇ ಜ್ಞಾಪಿಸಲು ಹೋಗಬೇಡಿ. ಮದುವೆಯ ಮಾತುಕತೆಯಲ್ಲಿ ‘ನೋಡೋಣ, ಹೇಳಿ ಕಳಿಸ್ತೀವಿ’ ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕನ್ನಡವೂ ಕೆಲವೆಡೆ ಕೈಕೊಡುತ್ತದೆ, ಅದು ಕೈಕೊಡುವ ಜಾಗಗಳಲ್ಲೇ ಸಭ್ಯತೆಯ ಪ್ರಶ್ನೆಗಳೂ ಇವೆ. ನಮ್ಮ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವನ್ನು ಹೊತ್ತಿರುತ್ತದೆ: ‘ಬಂದೆ’ ಎಂದರೆ ನಾನು, ‘ಬಂದಿರಿ’ ಎಂದರೆ ನೀವು. ಜಪಾನೀ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ, ‘ಕಿಮಶಿತ’ ಎಂದರೆ ಯಾರು ಬಂದರೂ ಅದೇ. ಹಾಗಿದ್ದೂ ಸರ್ವನಾಮಗಳಿಲ್ಲದೆ ಅವರ ಮಾತು ಹೇಗೆ ನಡೆಯುತ್ತದೆಂದರೆ, ಗೌರವ ಮತ್ತು ವಿನಯದ ರೂಪಗಳು ಆ ಕೆಲಸವನ್ನು ವಹಿಸಿಕೊಂಡಿವೆ. ‘ಇರಶ್ಶೈಮಸ್ ಕ’ ಎಂದು ಕೇಳಿದರೆ ಬರುವವರು ಎದುರಿನವರೇ, ಏಕೆಂದರೆ ಅದು ಗೌರವರೂಪ. ‘ಮೈರಿಮಸ್’ ಎಂದರೆ ಬರುವವರು ನಾವು, ಏಕೆಂದರೆ ಅದು ತನ್ನನ್ನು ತಗ್ಗಿಸಿಕೊಳ್ಳುವ ರೂಪ. ಗೌರವದ ಮಾತನ್ನು ಮೇಲಿನ ಅಲಂಕಾರವೆಂದು ತಿಳಿದು ‘ಅದನ್ನು ಆಮೇಲೆ ಕಲಿಯೋಣ’ ಎಂದು ಮುಂದೂಡುವ ವಿದ್ಯಾರ್ಥಿಗಳು ‘ವತಶಿ ವ’ (ನಾನು), ‘ಅನತ ವ’ (ನೀವು) ಎಂದು ಪ್ರತಿ ವಾಕ್ಯಕ್ಕೂ ಊರುಗೋಲು ಹಿಡಿಯುವುದು ಇದೇ ಕಾರಣಕ್ಕೆ.

ಎರಡನೆಯ ಸಂಗತಿ ‘ಕೊಡು’ ಎಂಬ ಕ್ರಿಯೆ. ನಮ್ಮಲ್ಲಿ ನಾನು ಕೊಟ್ಟರೂ ಅವರು ಕೊಟ್ಟರೂ ಒಂದೇ ಪದ. ಜಪಾನೀಯಲ್ಲಿ ನನ್ನ ಕಡೆಯಿಂದ ಹೊರಕ್ಕೆ ಹೋದರೆ ‘ಅಗೆರು’, ಹೊರಗಿನಿಂದ ನನ್ನ ಕಡೆಗೆ ಬಂದರೆ ‘ಕುರೆರು’, ನಾನು ಪಡೆದೆನೆಂದು ಹೇಳುವುದಾದರೆ ‘ಮೊರೌ’. ಇವು ಬೇರೆ ಕ್ರಿಯೆಗಳ ಬೆನ್ನಿಗೂ ಅಂಟಿಕೊಳ್ಳುತ್ತವೆ. ‘ಹೇಳಿಕೊಟ್ಟರು’ ಎಂಬ ನಮ್ಮ ಮಾತಿನಲ್ಲಿರುವ ಉಪಕಾರಸ್ಮರಣೆ ‘ಒಶಿಎತೆ ಕುರೆಮಶಿತ’ ಎಂಬುದರಲ್ಲೂ ಇದೆ. ವ್ಯತ್ಯಾಸವೆಂದರೆ ನಾವು ‘ಫೋನ್ ಮಾಡಿದರು’ ಎಂದು ಬಿಟ್ಟುಬಿಡುವಲ್ಲಿ ಕೂಡ, ಫೋನ್ ನನಗಾಗಿ ಬಂದದ್ದಾದರೆ ಜಪಾನೀಯರು ‘ದೆನ್‌ವ ಶಿತೆ ಕುರೆಮಶಿತ’ ಎಂದು ಉಪಕಾರವನ್ನು ಸೇರಿಸಿಯೇ ಹೇಳುತ್ತಾರೆ. ಸೇರಿಸದಿದ್ದರೆ ವಾಕ್ಯ ಒಣಗಿದಂತೆ ಕೇಳಿಸುತ್ತದೆ.

ಇದರ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಹಳ್ಳವಿದೆ. ಮ್ಯಾನೇಜರ್ ಭಾರದ ಚೀಲ ಹೊತ್ತು ಬರುತ್ತಿದ್ದಾರೆ ಎನ್ನಿ. ‘ಕೊಡಿ ಸಾರ್, ನಾನು ತಂದುಕೊಡ್ತೀನಿ’ ಎನ್ನುವುದು ಕನ್ನಡದಲ್ಲಿ ಒಳ್ಳೆಯ ನಡತೆ. ಅದನ್ನೇ ‘ಮೊತ್ತೆ ಅಗೆಮಸ್’ ಎಂದರೆ ‘ನಿಮ್ಮ ಮೇಲೆ ಕೃಪೆ ಮಾಡುತ್ತಿದ್ದೇನೆ’ ಎಂಬ ಧ್ವನಿ ಹೊರಡುತ್ತದೆ. ಮಕ್ಕಳಿಗೆ, ಆಪ್ತ ಗೆಳೆಯರಿಗೆ ಅದು ನಡೆಯುತ್ತದೆ, ಹಿರಿಯರಿಗೆ ನಡೆಯುವುದಿಲ್ಲ. ಅಲ್ಲಿ ಉಪಕಾರದ ಸುದ್ದಿಯನ್ನೇ ಎತ್ತದೆ ‘ಒಮೊಚಿ ಶಿಮಸ್’ ಎಂದು ವಿನಯರೂಪದಲ್ಲಿ ಹೇಳಿ ಚೀಲಕ್ಕೆ ಕೈಹಾಕಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ಮಾತನಾಡುವವರೇ ಈ ತಪ್ಪು ಮಾಡುವುದನ್ನು ಹೆಚ್ಚಾಗಿ ಕಂಡಿದ್ದೇನೆ. ‘ಕೊಡು’ವಿನ ಸಮಾನತೆಯನ್ನು ಕಂಡುಹಿಡಿದ ಖುಷಿಯಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿರುತ್ತಾರೆ.

‘ಕುದಸೈ’ ಎಂಬುದರ ಬಗ್ಗೆಯೂ ಭ್ರಮೆಯಿದೆ. ಪುಸ್ತಕಗಳು ಅದನ್ನು ‘ದಯವಿಟ್ಟು’ ಎಂದು ಕಲಿಸುತ್ತವೆ. ವಾಸ್ತವದಲ್ಲಿ ಅದು ‘ಕುರೆರು’ವಿನ ಗೌರವರೂಪವಾದ ‘ಕುದಸರು’ ಎಂಬ ಕ್ರಿಯಾಪದದ ವಿಧಿರೂಪ, ಅಂದರೆ ಮರ್ಯಾದೆಯ ಅಪ್ಪಣೆ. ಎದುರಿನವರಿಗೇ ಒಳ್ಳೆಯದಾಗುವ ಕಡೆ ಅದು ಸುಂದರವಾಗಿ ಒಪ್ಪುತ್ತದೆ: ಬಂದವರಿಗೆ ‘ಕುಳಿತುಕೊಳ್ಳಿ’ ಎನ್ನುವಾಗ, ಅಂಗಡಿಯಲ್ಲಿ ‘ಇದನ್ನು ಕೊಡಿ’ ಎನ್ನುವಾಗ ಅನುಮಾನವಿಲ್ಲದೆ ಬಳಸಿ. ಆದರೆ ಕೆಲಸ ನಿಮ್ಮದು, ಶ್ರಮ ಅವರದು ಎಂಬಲ್ಲಿ ಅದು ಗಡುಸಾಗುತ್ತದೆ. ಡ್ರಾಯಿಂಗ್ ತೋರಿಸಿ ‘ಜುಮೆನ್ ಓ ಮಿತೆ ಕುದಸೈ’ ಎಂದು ಹಿರಿಯರಿಗೆ ಹೇಳಿದರೆ ಕೆಲಸವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ‘ಜುಮೆನ್ ಓ ಮಿತೆ ಇತದಕೆಮಸೆನ್ ಕ’ ಎಂದರೆ ‘ನೀವು ನೋಡುವ ಉಪಕಾರವನ್ನು ನಾನು ಪಡೆಯಲಾಗುವುದಿಲ್ಲವೇ’ ಎಂದು ಬಿಡಿಸಬಹುದಾದರೂ, ಅದರ ತೂಕ ನಮ್ಮ ‘ಇದನ್ನು ಸ್ವಲ್ಪ ನೋಡೋಕಾಗುತ್ತಾ ಸಾರ್’ ಎಂಬಷ್ಟೇ. ಸರಿಸಮಾನರಲ್ಲಿ ‘ಮಿತೆ ಮೊರಎಮಸ್ ಕ’ ಸಾಕು.

ಮೂರನೆಯದು ಒಳಗು ಮತ್ತು ಹೊರಗಿನ ಲೆಕ್ಕ, ಜಪಾನೀಯರ ಮಾತಿನಲ್ಲಿ ‘ಉಚಿ’ ಮತ್ತು ‘ಸೊತೊ’. ಕನ್ನಡದಲ್ಲಿ ಹಿರಿಯರು ಎಲ್ಲಿದ್ದರೂ ಹಿರಿಯರೇ. ಪರಿಚಯವಿಲ್ಲದವರೆದುರೂ ‘ನಮ್ಮ ತಂದೆಯವರು ಬಂದಿದ್ದಾರೆ’ ಎಂದೇ ಹೇಳುತ್ತೇವೆ, ಹಾಗೆ ಹೇಳದವರನ್ನು ಒರಟರೆನ್ನುತ್ತೇವೆ. ಜಪಾನೀಯರು ತಂದೆಯನ್ನು ಮನೆಯಲ್ಲಿ ‘ಒತೋಸನ್’ ಎಂದು ಕರೆದರೂ ಹೊರಗಿನವರೆದುರು ‘ಚಿಚಿ’ ಎನ್ನುತ್ತಾರೆ, ಕ್ರಿಯಾಪದದಲ್ಲೂ ಗೌರವ ಸೇರಿಸುವುದಿಲ್ಲ. ಕಚೇರಿಯಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. ನಿಮ್ಮ ಮ್ಯಾನೇಜರ್ ಹೆಸರು ಮೊರಿ ಎಂದಿಟ್ಟುಕೊಳ್ಳಿ. ಬೇರೆ ಕಂಪನಿಯಿಂದ ಫೋನ್ ಬಂದು ಅವರು ಸ್ಥಳದಲ್ಲಿಲ್ಲದಿದ್ದರೆ ನೀವು ಹೇಳಬೇಕಾದದ್ದು ‘ಮೊರಿ ವ ತದೈಮ ಸೆಕಿ ಓ ಹಜುಶಿತೆ ಒರಿಮಸ್’ (ಮೊರಿ ಈಗ ತನ್ನ ಜಾಗದಲ್ಲಿಲ್ಲ) ಎಂದು. ಹೆಸರಿಗೆ ಸೇರಿಸುವ ಗೌರವಸೂಚಕ ‘ಸನ್’ ಇಲ್ಲ, ಗೌರವದ ಕ್ರಿಯಾಪದವೂ ಇಲ್ಲ. ಮೇಲಧಿಕಾರಿಯ ಹೆಸರನ್ನು ಹೀಗೆ ಬೋಳಾಗಿ ಉಚ್ಚರಿಸುವಾಗ ಕನ್ನಡದ ನಾಲಿಗೆ ತಡವರಿಸುತ್ತದೆ, ನನ್ನದೂ ಮೊದಲ ವರ್ಷವೆಲ್ಲ ತಡವರಿಸಿತು. ಆದರೆ ಅದೇ ಫೋನ್ ಮೊರಿಯವರ ಮನೆಯಿಂದ ಬಂದರೆ ‘ಮೊರಿ ಸನ್’ ಎಂದು ಗೌರವರೂಪದಲ್ಲೇ ಹೇಳಬೇಕು, ಏಕೆಂದರೆ ಈಗ ಮೊರಿಯವರು ಕೇಳುವವರ ಕಡೆಯವರು. ಗೌರವ ವ್ಯಕ್ತಿಗೆ ಅಂಟಿಕೊಂಡಿಲ್ಲ, ಸಂದರ್ಭದೊಡನೆ ಅದು ಜಾಗ ಬದಲಿಸುತ್ತದೆ.

ಇನ್ನು ಸಿದ್ಧ ನುಡಿಗಳು. ಇವುಗಳಲ್ಲಿ ಪದದ ಅರ್ಥಕ್ಕಿಂತ ಹೇಳುವ ದಿಕ್ಕು ಮುಖ್ಯ ಎಂಬುದನ್ನು ನಾನು ಕಲಿತದ್ದು ನಾಚಿಕೆಯಿಂದ. ಅನುವಾದಕನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ವಿಭಾಗದ ಹಿರಿಯರು ಸಂಜೆ ನನಗೆ ‘ಗೊಕುರೋಸಮ’ ಎನ್ನುತ್ತಿದ್ದರು, ಅಂದರೆ ನಿನ್ನ ಶ್ರಮಕ್ಕೆ ಮೆಚ್ಚುಗೆ ಎಂಬಂಥ ಮಾತು. ನಾನೂ ಒಂದು ದಿನ ಅವರು ಹೊರಡುವಾಗ ಅದನ್ನೇ ಉತ್ಸಾಹದಿಂದ ಹಿಂದಿರುಗಿಸಿದೆ. ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ನಾನು ಹೇಳಿದ್ದು ಹೊಸ ಗುಮಾಸ್ತ ಯಜಮಾನರ ಬೆನ್ನು ತಟ್ಟಿ ‘ಶಹಬ್ಬಾಸ್’ ಎಂದಂತಿತ್ತು. ಅವರು ಏನೂ ಅನ್ನಲಿಲ್ಲ, ಪಕ್ಕದ ಮೇಜಿನವರು ಮರುದಿನ ಮೆಲ್ಲಗೆ ತಿದ್ದಿದರು. ಸಹೋದ್ಯೋಗಿಗಳಿಗೂ ಹಿರಿಯರಿಗೂ ‘ಒತ್ಸುಕರೆಸಮ ದೆಸ್’ (ದಣಿದಿದ್ದೀರಿ ಎಂಬಂಥ ಮಾತು) ಹೇಳಬಹುದು, ನೀವೇ ಮೊದಲು ಹೊರಡುವಾಗ ‘ಒಸಕಿ ನಿ ಶಿತ್ಸುರೇ ಶಿಮಸ್’ (ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ) ಎನ್ನಬೇಕು. ನಮಗೆ ಬಂದ ಮಾತನ್ನು ಹಾಗೆಯೇ ಬಂದ ದಾರಿಗೆ ಹಿಂದಿರುಗಿಸಬಾರದು ಎಂಬ ಎಚ್ಚರ ಅಂದಿನಿಂದ ಇದೆ.

‘ಊಟ ಆಯ್ತಾ’ ಎಂಬ ನಮ್ಮ ಆತ್ಮೀಯ ಮಾತನ್ನು ಅನುವಾದಿಸಿ ಬಳಸಬೇಡಿ. ಕೇಳಿದವರು ಊಟಕ್ಕೆ ಕರೆಯುತ್ತಿದ್ದೀರೆಂದು ತಿಳಿಯಬಹುದು. ಆ ಜಾಗದಲ್ಲಿ ಅವರಿಗೆ ಹವಾಮಾನವಿದೆ: ‘ಕ್ಯೋ ವ ಅತ್ಸುಯಿ ದೆಸ್ ನೆ’, ಇವತ್ತು ಸೆಕೆ ಅಲ್ಲವೇ. ಇನ್ನೊಂದು, ನಾವು ಉಪಕಾರಕ್ಕೆ ಒಮ್ಮೆ ಕೃತಜ್ಞತೆ ಹೇಳಿದರೆ ಹೆಚ್ಚು, ಮನೆಯವರಿಗಂತೂ ಹೇಳುವುದೇ ಇಲ್ಲ. ಅಲ್ಲಿ ಊಟ ಹಾಕಿಸಿದವರು ಮುಂದಿನ ಸಲ ಸಿಕ್ಕಾಗ ‘ಕೊನೊ ಮಎ ವ ಗೊಚಿಸೋಸಮ ದೆಶಿತ’ (ಮೊನ್ನೆಯ ಊಟಕ್ಕೆ ಧನ್ಯವಾದ) ಎಂದು ಮತ್ತೊಮ್ಮೆ ನೆನೆಯುವುದು ವಾಡಿಕೆ. ಇದನ್ನು ಮರೆಯದವರನ್ನು ಅವರೂ ಮರೆಯುವುದಿಲ್ಲ.

ಹುಡುಕುವ ವಿಧಾನಕ್ಕೆ ಬರೋಣ. ನೀವು ಮುಗಿಸಿದ ಪರೀಕ್ಷೆಯಲ್ಲಿ ಓದುವುದಿದೆ, ಕೇಳುವುದಿದೆ, ಮಾತನಾಡುವ ಭಾಗವಿಲ್ಲ. ಆದ್ದರಿಂದ ಈ ಕೊರತೆ ನಿಮ್ಮೊಬ್ಬರದಲ್ಲ. ಜಪಾನ್ ಫೌಂಡೇಶನ್ 2020ರಲ್ಲಿ ಹೊರತಂದ ‘ಇರೊದೊರಿ’ ಎಂಬ ಪಠ್ಯ ಧ್ವನಿಯ ಸಮೇತ ಉಚಿತವಾಗಿ ಸಿಗುತ್ತದೆ, ಅದರ ಪಾಠಗಳು ವ್ಯಾಕರಣಕ್ಕಿಂತ ಅಂಗಡಿ, ಕೆಲಸದ ಸ್ಥಳ, ನೆರೆಹೊರೆಯ ಸನ್ನಿವೇಶಗಳ ಸುತ್ತ ಕಟ್ಟಿದವು. ಇನ್ನೂ ಆಳಕ್ಕೆ ಹೋಗುವ ಮನಸ್ಸಿದ್ದರೆ 1948ರಲ್ಲಿ ಸ್ಥಾಪನೆಯಾದ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯ ಪಠ್ಯಕೋಶಗಳಿವೆ, ಅಂದರೆ ನಿಜವಾದ ಬಳಕೆಯ ಬರಹ, ಮಾತುಗಳ ಸಂಗ್ರಹಗಳು. ಅವುಗಳಲ್ಲಿ ಬರಹದ ಭಾಷೆಯದು ಸುಮಾರು 10 ಕೋಟಿ ಪದಗಳಷ್ಟು ದೊಡ್ಡದು, 2022ರಲ್ಲಿ ಬಿಡುಗಡೆಯಾದ ದಿನನಿತ್ಯದ ಸಂಭಾಷಣೆಯ ಕೋಶದಲ್ಲಿ ಮನೆ, ಕಚೇರಿ, ಹೋಟೆಲುಗಳ ನಿಜವಾದ ಮಾತುಕತೆ 200 ಗಂಟೆಗಳಷ್ಟಿದೆ. ‘ಚೂನಗೊನ್’ ಎಂಬ ಶೋಧನ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಂಡು ಹುಡುಕಬಹುದು (ಹಳೆಯ ಅರಮನೆಯ ಮಂತ್ರಿಪದವಿಯೊಂದರ ಹೆಸರನ್ನು ಹುಡುಕುವ ಯಂತ್ರಕ್ಕೆ ಇಟ್ಟವರ ರಸಿಕತೆ ಮೆಚ್ಚಬೇಕು). ಅಲ್ಲಿ ವಾಕ್ಯವನ್ನಿಡೀ ಹುಡುಕಬೇಡಿ, ಸಿಗುವುದಿಲ್ಲ. ‘ತೆ ಇತದಕೆಮಸೆನ್ ಕ’ ಎಂಬಂಥ ಬಾಲವನ್ನು ಕೊಟ್ಟು, ಬಂದ ಇಪ್ಪತ್ತು ಸಾಲುಗಳಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂದು ಓದಿ.

ಎಲ್ಲಕ್ಕಿಂತ ಹತ್ತಿರದ ಆಕರ ನಿಮ್ಮ ಕಚೇರಿಯೇ. ನಿಮ್ಮ ಮ್ಯಾನೇಜರ್ ನಿಮ್ಮೊಡನೆ ಹೇಗೆ ಮಾತನಾಡುತ್ತಾರೆ ಎಂಬುದಕ್ಕಿಂತ, ಅವರು ತಮ್ಮ ಮೇಲಿನವರೊಡನೆ ಫೋನಿನಲ್ಲಿ ಹೇಗೆ ಮಾತನಾಡುತ್ತಾರೆ ಎಂಬುದಕ್ಕೆ ಕಿವಿಗೊಡಿ. ನೀವು ಕಲಿಯಬೇಕಾದ ಮಾತು ಅದು. ಆನಿಮೆಗಳಿಂದ (ಜಪಾನೀ ಆನಿಮೇಶನ್ ಚಿತ್ರಗಳಿಂದ) ಕಿವಿ ಪಳಗುತ್ತದೆ, ಆದರೆ ಅಲ್ಲಿನ ‘ನಾನು’, ‘ನೀನು’ ಎಂಬುದರ ಒರಟು ರೂಪಗಳಾದ ‘ಒರೆ’, ‘ಒಮಎ’ಗಳನ್ನು ಕಚೇರಿಯ ಬಾಗಿಲಾಚೆಯೇ ಬಿಟ್ಟು ಬನ್ನಿ. ಅನುಮಾನ ಬಂದಾಗ ಜಪಾನೀ ಸಹೋದ್ಯೋಗಿಯನ್ನು ‘ಇದು ಸರಿಯೇ’ ಎಂದು ಕೇಳಬೇಡಿ, ಸೌಜನ್ಯಕ್ಕಾಗಿ ‘ದೈಜೋಬು ದೆಸ್’ (ಪರವಾಗಿಲ್ಲ) ಎಂದುಬಿಡುತ್ತಾರೆ. ಎರಡು ವಾಕ್ಯಗಳನ್ನು ಬರೆದು ತೋರಿಸಿ ‘ದೊಚಿರ ಗ ಶಿಜೆನ್ ದೆಸ್ ಕ’, ಯಾವುದು ಸಹಜ ಎಂದು ಕೇಳಿ; ಆಗ ಉತ್ತರ ಬರುತ್ತದೆ, ಕೆಲವೊಮ್ಮೆ ಎರಡನ್ನೂ ಹೊಡೆದು ಹಾಕಿ ಮೂರನೆಯದನ್ನು ಬರೆದುಕೊಡುತ್ತಾರೆ.

ಕೇಳಿದ್ದನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳಬಹುದು, ರೋಮನ್ ಅಕ್ಷರ ಬೇಡ. ಹ್ರಸ್ವ ‘ಒ’ ಮತ್ತು ದೀರ್ಘ ‘ಓ’ಗಳಿಗೆ ಬೇರೆ ಬೇರೆ ಅಕ್ಷರವಿರುವ, ಒತ್ತಕ್ಷರವಿರುವ ನಮ್ಮ ಲಿಪಿ ಈ ಭಾಷೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ‘ಕಿತೆ ಕುದಸೈ’ ಎಂದರೆ ಬನ್ನಿ, ‘ಕಿತ್ತೆ ಕುದಸೈ’ ಎಂದರೆ ಕತ್ತರಿಸಿ. ‘ಒಬಸನ್’ ಎಂದರೆ ಚಿಕ್ಕಮ್ಮನ ವಯಸ್ಸಿನವರು, ‘ಒಬಾಸನ್’ ಎಂದರೆ ಅಜ್ಜಿ. ಸಭ್ಯತೆ ಒಂದು ದೀರ್ಘದಲ್ಲಿ ಕೆಡುವುದೂ ಉಂಟು.

ಅತಿಯಾದ ಗೌರವವೂ ಬೇಡ. ಜಪಾನ್ ಸರ್ಕಾರದ ಸಾಂಸ್ಕೃತಿಕ ಮಂಡಳಿ 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಗೌರವದ ಮಾತನ್ನು ಐದು ಬಗೆಯಾಗಿ ವಿಂಗಡಿಸಿದೆ, ಅದನ್ನು ಅಲ್ಲಿಯ ಹೊಸ ಉದ್ಯೋಗಿಗಳೂ ಕುಳಿತು ಕಲಿಯುತ್ತಾರೆ. ನಿಮಗೆ ಸದ್ಯಕ್ಕೆ ವಾಕ್ಯದ ಕೊನೆಗೆ ಬರುವ ಸಭ್ಯ ‘ದೆಸ್’, ‘ಮಸ್’ ರೂಪಗಳು ತಪ್ಪದೆ ಬಂದರೆ, ಮೇಲೆ ಹೇಳಿದ ಕೊಡು-ಕೊಳ್ಳುವ ರೂಪಗಳು ಮತ್ತು ಹತ್ತು ಹನ್ನೆರಡು ಸಿದ್ಧ ನುಡಿಗಳು ಕೈವಶವಾದರೆ ಕಚೇರಿಯ ದಿನ ಸುಗಮವಾಗಿ ಕಳೆಯುತ್ತದೆ.

ಕೊನೆಯದಾಗಿ ನಿಮ್ಮ ರಜೆ. ಮ್ಯಾನೇಜರ್ ಕೈ ಬಿಡುವಾಗಿರುವ ಹೊತ್ತು ನೋಡಿ ಹೀಗೆ ಆರಂಭಿಸಿ: ‘ಸುಮಿಮಸೆನ್, ಇಮ ಯೊರೊಶೀ ದೆಶೋ ಕ.’ (ಕ್ಷಮಿಸಿ, ಈಗ ಮಾತನಾಡಬಹುದೇ?) ಅವರು ಹೂಂ ಎಂದ ಮೇಲೆ: ‘ಜಿತ್ಸು ವ ರೈಗೆತ್ಸು ಇಮೋತೊ ನೊ ಕೆಕ್ಕೊನ್‌ಶಿಕಿ ಗ ಅರಿಮಶಿತೆ, ಫುತ್ಸುಕ ಹೊದೊ ಒಯಸುಮಿ ಓ ಇತದಕಿತೈ ನ್ ದೆಸ್ ಗ…’ (ವಿಷಯವೇನೆಂದರೆ, ಬರುವ ತಿಂಗಳು ತಂಗಿಯ ಮದುವೆಯಿದ್ದು, ಎರಡು ದಿನದಷ್ಟು ರಜೆ ಬೇಕಿತ್ತು…) ತಂಗಿ ನಿಮ್ಮವಳೇ ಆದ್ದರಿಂದ ‘ಇಮೋತೊ’ ಎಂಬುದಕ್ಕೆ ‘ಸನ್’ ಇಲ್ಲ. ರಜೆ ‘ತೆಗೆದುಕೊಳ್ಳುವುದಿಲ್ಲ’, ‘ಇತದಕು’ ಎಂದು ಪಡೆಯುತ್ತೀರಿ. ‘ತೈ’ ಇಲ್ಲಿ ನಿಮ್ಮದೇ ಆಸೆಯಾದ್ದರಿಂದ ಸಲ್ಲುತ್ತದೆ. ‘ಬೇಕು’ ಎನ್ನದೆ ‘ಬೇಕಿತ್ತು’ ಎಂದು ನಾವು ಮಾತನ್ನು ಮೆತ್ತಗೆ ಮಾಡುವ ಕೆಲಸವನ್ನು ಕೊನೆಯ ‘ನ್ ದೆಸ್ ಗ’ ಮಾಡುತ್ತದೆ. ಆ ‘ಗ’ ಆದ ಮೇಲೆ ಏನನ್ನೂ ಸೇರಿಸದೆ ನಿಲ್ಲಿಸಿ, ವಾಕ್ಯದ ಉಳಿದರ್ಧವನ್ನು ಅವರು ಪೂರೈಸುತ್ತಾರೆ. ಮದುವೆ ಮುಗಿಸಿ ಬಂದ ದಿನ ಮೇಜಿನ ಮೇಲೆ ಮದುವೆಮನೆಯ ಚಿರೋಟಿಯನ್ನೋ ಮೈಸೂರುಪಾಕನ್ನೋ ಇಟ್ಟು, ‘ಒಯಸುಮಿ ಓ ಇತದಕಿ, ಅರಿಗತೋ ಗೊಜೈಮಶಿತ’ (ರಜೆ ಕೊಟ್ಟದ್ದಕ್ಕೆ ಧನ್ಯವಾದ) ಎನ್ನಿ.